ತಾಂಪೆರೆಯಲ್ಲಿ ನಾನು ಕಥೆಗಾರನಾದದ್ದು

ದೇವನಹಳ್ಳಿ

ನಾನು ಫಿನ್ಲೆಂಡಿಗೆ ಹೋದದ್ದು ಹೆಂಡತಿಯ ಪೆಟ್ಟಿಗೆ ಎತ್ತಿ ಇಳಿಸುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿಗೆ ಹೋದ ಮೇಲೆ ನಾನೇ ಇದನ್ನು ಮರೆತೆ. ವಾಪಸು ಬಂದಾಗಿನಿಂದ ಮಾಲೂರಿನಲ್ಲಿ ಸಿಕ್ಕಿದವರೆಲ್ಲ ಚಳಿ ಹೇಗಿತ್ತು, ಅನ್ನ ಸಿಗುತ್ತಿತ್ತಾ ಎಂದು ಕೇಳುತ್ತಿದ್ದಾರೆ. ಅದನ್ನೂ ಬರೆಯುತ್ತೇನೆ. ಆದರೆ ಅಲ್ಲಿ ನಾನು ಮಾಡಿದ್ದನ್ನು ಬಿಟ್ಟು, ಸರೋವರ ನೋಡಿದೆ, ರೈಲು ಹತ್ತಿದೆ ಎಂದಷ್ಟೇ ಬರೆದರೆ ಅದು ಇನ್ನೊಂದು ತಪ್ಪಾಗುತ್ತದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮಾಲೂರಿನ ಪಕ್ಕದಲ್ಲಿ ಇಟ್ಟಿಗೆ ಗೂಡು ನಡೆಸಿಕೊಂಡೇ ಮುದುಕನಾದೆ. ಹೆಂಡತಿ ಯಶೋದ ಶ್ರೀನಿವಾಸಪುರದ ಕಡೆಯವಳು. ಮನೆಮಾತು ತೆಲುಗು, ಓದಿದ್ದು ಕನ್ನಡ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದಾಗ ನನಗೆ ಕೊಟ್ಟು ಮದುವೆ ಮಾಡಿದರು. ಅವಳು ವಿಜ್ಞಾನ ಕಥೆ ಬರೆಯುತ್ತಾಳೆ. ಗೂಡಿನ ಆಳುಗಳಿಗೆ ಊಟ ಬಡಿಸಿ ಪಾತ್ರೆ ತೊಳೆದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬೇರೆ ಲೋಕಗಳ ವಿಷಯ ಬರೆಯುತ್ತಿದ್ದಳು. ವಾರಪತ್ರಿಕೆಗೆ ಕಳಿಸುವಾಗ ಹಾಕುತ್ತಿದ್ದ ಹೆಸರು ‘ವೈ. ವೆಂಕಟರಾಯಪ್ಪ’. ವೈ ಅಂದರೆ ಯಶೋದ. ಮಿಕ್ಕಿದ್ದೆಲ್ಲ ನಾನು.

ಯಾಕೆ ಹೀಗೆ ಎಂದು ನಾನು ಕೇಳಿರಲಿಲ್ಲ. ನಮ್ಮ ಕಡೆ, ಅದರಲ್ಲೂ ಅವಳ ಕಾಲದವರು, ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ‘ಯಜಮಾನರ ಹೆಸರೇನಮ್ಮಾ?’ ಎಂದರೆ ಯಶೋದ ಸುಮ್ಮನೆ ನನ್ನ ಕಡೆ ಕೈ ತೋರಿಸುತ್ತಾಳೆ. ನಾನಿಲ್ಲದಿದ್ದರೆ ಪಕ್ಕದವರ ಕೈಲಿ ಹೇಳಿಸುತ್ತಾಳೆ. ಬಾಯಲ್ಲಿ ಹೇಳದ ಆ ಹೆಸರನ್ನೇ ಕೈಯಾರೆ ಬರೆದು ಅಚ್ಚಿಗೆ ಕಳಿಸುತ್ತಿದ್ದಳು. ರೈಲ್ವೆ ಸ್ಟೇಷನ್ನಿನಲ್ಲಿ ಯಾರಾದರೂ ‘ಏನ್ ವೆಂಕಟರಾಯಪ್ನೋರೇ, ನಿಮ್ಮ ಕಥೆ ಬಂದದೆ’ ಎಂದರೆ ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಅಷ್ಟೇ ನನ್ನ ಸಾಹಿತ್ಯ.

ಕೋಲಾರದ ಹುಡುಗಿ ಮೇಘನಾ ಈಗ ಸ್ವೀಡನ್ನಿನಲ್ಲಿ ಪಾಠ ಹೇಳುತ್ತಾಳೆ. ಹಳೆಯ ವಾರಪತ್ರಿಕೆಗಳಲ್ಲಿ ಯಶೋದಳ ‘ಕೆಳಗಿನವರು’ ಎಂಬ ಕಥೆ ಓದಿ, ವಿಳಾಸ ಹುಡುಕಿಕೊಂಡು ಮನೆಗೇ ಬಂದು, ಬರೆದವರು ಯಾರು ಎಂದು ತಿಳಿದು ಕುಣಿದಾಡಿಬಿಟ್ಟಳು. ಅದನ್ನು ಇಂಗ್ಲಿಷಿಗೆ ಮಾಡಿ, ಪತ್ರಿಕೆಯಲ್ಲಿದ್ದ ಹೆಸರಿನಲ್ಲೇ ಪುಸ್ತಕ ಮಾಡಿಸಿದಳು. ಫಿನ್ಲೆಂಡಿನ ತಾಂಪೆರೆ ಎಂಬ ಊರಿನಲ್ಲಿ ವಿಜ್ಞಾನ ಕಥೆ ಬರೆಯುವವರು, ಓದುವವರು ಸೇರುವ ಮೇಳಕ್ಕೆ ಕರೆಸಿದವಳೂ ಅವಳೇ. ತನಗೆ ಪರೀಕ್ಷೆಯ ಕೆಲಸವಿದೆ, ಕೊನೆಯ ದಿನ ಈ ಕಥೆಯ ಬಗ್ಗೆ ಸ್ಟೇಜಿನ ಮೇಲೆ ನಡೆಯುವ ಸಭೆಗೆ ಬಂದು ಸೇರಿಕೊಳ್ಳುತ್ತೇನೆ ಎಂದಿದ್ದಳು.

ವಿಮಾನ ನಿಲ್ದಾಣದ ತಪಾಸಣೆಯಲ್ಲೇ ನಮ್ಮನ್ನು ನಿಲ್ಲಿಸಿದರು. ಯಶೋದಳ ಚೀಲದಿಂದ ಬೂದು ಬಣ್ಣದ ಹಿಟ್ಟಿನ ಪೊಟ್ಟಣ ತೆಗೆದು ಒಬ್ಬರು ಮೂಸಿ ನೋಡಿದರು.

‘ಇದೇನಮ್ಮಾ?’

‘ರಾಗಿ ಹಿಟ್ಟು ಸಾರ್.’

‘ಅಲ್ಲಿ ಊಟ ಹಾಕಲ್ವಂತಾ?’

‘ಹಾಕ್ತಾರಂತೆ. ಹಾಕಿದ್ದು ಇಳೀದೇ ಇದ್ರೆ ಅಂತ.’

ಅವರು ನಕ್ಕುಬಿಟ್ಟರು. ‘ನಂದು ಮುಳಬಾಗಿಲು ಕಣಮ್ಮಾ. ತಗೊಂಡು ಹೋಗಿ’ ಎಂದರು. ಯಶೋದ ನಗುತ್ತಾ ಚೀಲ ಕಟ್ಟಿದಳು. ನಾನು ಮಾತ್ರ ವಿಮಾನ ಏರುವವರೆಗೂ ಪಾಸ್‌ಪೋರ್ಟ್ ಇದ್ದ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೆಲ್ಸಿಂಕಿಯಿಂದ ರೈಲು

ಬೆಳಗಿನ ಹೊತ್ತು ಮಾಲೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಹತ್ತಿದವರಿಗೆ ಗೊತ್ತು: ಒಬ್ಬರ ತೊಡೆ ಮೇಲೆ ಇನ್ನೊಬ್ಬರ ಚೀಲ, ಅದರ ಮೇಲೆ ಇಸ್ಪೀಟು, ಪಕ್ಕದಲ್ಲಿ ಭಜನೆ. ಈ ರೈಲಿನಲ್ಲಿ ಜನವಿದ್ದರೂ ಯಾರೂ ಇಲ್ಲದ ಹಾಗಿತ್ತು. ಕೆಮ್ಮಿದರೂ ತಪ್ಪೇನೋ ಎನ್ನುವಷ್ಟು ಮೌನ. ಆಗ ನನ್ನ ಫೋನು ಬಡಿದುಕೊಂಡಿತು. ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮಗಳು. ದೂರದ ಊರಲ್ಲವೇ ಎಂದು ನಾನು ಗಂಟಲು ಎತ್ತಿ ‘ಹಲೋ! ಬಂದ್ವಮ್ಮಾ! ಅಮ್ಮ ಚೆನ್ನಾಗವ್ಳೆ!’ ಎಂದು ಕೂಗಿದೆ. ಎದುರಿನವನು ಗೋಡೆಯ ಮೇಲಿದ್ದ ಫೋನಿನ ಚಿತ್ರವನ್ನು, ಅದರ ಮೇಲೆ ಎಳೆದಿದ್ದ ಗೆರೆಯನ್ನು ಬೆರಳಲ್ಲಿ ತೋರಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೊರಗೆ ಕಾಡು, ನೀರು, ಮತ್ತೆ ಕಾಡು, ಮತ್ತೆ ನೀರು. ಕೆರೆಗೆ ಏರಿ ಇಲ್ಲ, ತೂಬಿಲ್ಲ, ಕಾವಲಿಲ್ಲ.

‘ಇಷ್ಟು ನೀರನ್ನ ಸುಮ್ನೆ ಬಿಟ್ಟಿದಾರಲ್ರೀ’ ಎಂದಳು ಯಶೋದ, ಪಿಸುಮಾತಿನಲ್ಲಿ. ‘ಇದನ್ನ ಮೊದ್ಲೇ ನೋಡಿದ್ದಿದ್ರೆ ನಾನು ಆ ಕಥೆ ಬರೀತಿರ್ಲಿಲ್ಲ.’

‘ಕೆಳಗಿನವರು’ ಬೋರ್‌ವೆಲ್ಲಿನ ಕಥೆ. ಮುಳಬಾಗಿಲ ಆಚೆ ಒಂದು ಊರಿನಲ್ಲಿ ಬೋರ್ ಕೊರೆಯುತ್ತಾರೆ. ಎಷ್ಟು ಇಳಿದರೂ ಬರೀ ಪುಡಿ. ಇನ್ನು ಸಾಕು ಎನ್ನುವಾಗ ಒಳಗಿನಿಂದ ಮನುಷ್ಯನ ದನಿ ಕೇಳುತ್ತದೆ: ‘ಮೇಲೆ ನೀರಿದೆಯಾ?’ ಅಲ್ಲಿ ಕೆಳಗೂ ಒಂದು ಊರು. ಅವರು ನೀರಿಗಾಗಿ ಮೇಲಕ್ಕೆ ಕೊರೆಯುತ್ತಾ ಬಂದಿದ್ದಾರೆ.

‘ವಿಜ್ಞಾನ ಕಥೆ ಅಂದ್ರೆ ಏನು ಅಂತ ಅವ್ರು ಕೇಳಿದ್ರೆ ಏನಂತೀಯಾ?’ ಎಂದೆ. ಏನಾದರೂ ಮಾತಾಡಿ ನನ್ನ ಭಯ ಮರೆಯಬೇಕಿತ್ತು.

ಅವಳು ಯೋಚಿಸಲೇ ಇಲ್ಲ. ‘ಒಂದೇ ಒಂದು ಸುಳ್ಳು ಇಡ್ಬೇಕು. ಬೋರಿನೊಳಗಿಂದ ಮಾತು ಬಂತು, ಅಷ್ಟೇ ಸುಳ್ಳು. ಆಮೇಲೆ ಹೆಂಗಸ್ರು ಬಂದು ಬಗ್ಗಿ ನೋಡೋದು, ಪಂಚಾಯ್ತಿಯೋರು ಜಗಳ ಆಡೋದು, ಎಲ್ಲಾ ನಿಜ ಇರ್ಬೇಕು. ಎರಡನೇ ಸುಳ್ಳು ಹೇಳಿದ್ರೆ ಅದು ಕಾಗಕ್ಕ ಗುಬ್ಬಕ್ಕನ ಕಥೆ.’

ಚೆನ್ನಾಗಿದೆ ಎಂದುಕೊಂಡೆ. ಅವಳಿಗೆ ಹೇಳಲಿಲ್ಲ.

ತಾಂಪೆರೆ: ಹೆಸರಿನ ಪಟ್ಟಿ

ಮೇಳ ನಡೆಯುವ ಕಟ್ಟಡದ ಮುಂದೆ ಸಾಲು. ಅವರು ಸಾಲಿನಲ್ಲಿ ನಿಂತರೆ ನಡುವೆ ಒಂದು ಎಮ್ಮೆ ದಾಟುವಷ್ಟು ಜಾಗ ಬಿಡುತ್ತಾರೆ. ನಾನು ಅಭ್ಯಾಸಬಲದಿಂದ ಮುಂದಿನವನ ಬೆನ್ನಿಗೆ ಹತ್ತಿ ನಿಂತೆ. ಅವನು ಒಂದು ಹೆಜ್ಜೆ ಮುಂದೆ ಹೋದ, ನಾನೂ ಹೋದೆ. ಹೀಗೆ ಅವನನ್ನು ಪಾಪ ಮೇಜಿನವರೆಗೂ ತಳ್ಳಿಕೊಂಡು ಬಂದೆ. ಸುತ್ತಲೂ ಕಥೆಯ ಪಾತ್ರಗಳ ವೇಷ ಹಾಕಿ ಮುಖಕ್ಕೆ ಬೆಳ್ಳಿ ಬಣ್ಣ ಬಳಿದವರು, ತಲೆಯ ಮೇಲೆ ಕೊಂಬಿಟ್ಟವರು ಬಹಳ ಗಂಭೀರವಾಗಿ ಕಾಫಿ ಕುಡಿಯುತ್ತಿದ್ದರು.

ಮೇಜಿನ ಹಿಂದಿನ ಹುಡುಗಿ ಕೊರಳಿಗೆ ಹಾಕುವ ಹೆಸರಿನ ಪಟ್ಟಿಗಳನ್ನು ತಡಕಾಡಿ ಕಷ್ಟಪಟ್ಟು ಓದಿದಳು: ‘ವೆಂ... ಕಟ... ರಾಯಪ್ಪ? ಯಾರು?’

ಅವಳು ಕೇಳಿದ್ದು ಯಶೋದಳ ಮುಖ ನೋಡಿ. ಯಶೋದ ಬಾಯಿ ತೆರೆದಳು. ಆಮೇಲೆ ಅಷ್ಟು ವರ್ಷದ ರೂಢಿ ಎಲ್ಲಿ ಹೋಗಬೇಕು, ಕೈ ನನ್ನ ಕಡೆ ತೋರಿಸಿತು.

ಹುಡುಗಿ ಎದ್ದು ನಿಂತು ಕೆಂಪು ದಾರದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದಳು. ಅದರಲ್ಲಿ ನನ್ನ ಹೆಸರು, ಅದರ ಕೆಳಗೆ ‘ಲೇಖಕರು’ ಎಂಬ ಅರ್ಥದ ಇಂಗ್ಲಿಷ್ ಪದ. ಯಶೋದಳ ಕೊರಳಿಗೆ ಹಸಿರು ದಾರ: ‘ಅತಿಥಿ’. ನನ್ನ ಪಾಸ್‌ಪೋರ್ಟ್ ನೋಡಿದಳು, ಹೆಸರು ಹೊಂದಿತು, ನಕ್ಕಳು. ಎಲ್ಲ ಸರಿಯಾಗಿತ್ತು.

‘ಅಲ್ಲ, ಇವಳು...’ ಎಂದು ಶುರುಮಾಡಿದೆ. ಇಂಗ್ಲಿಷ್ ಸಿಗಲಿಲ್ಲ. ಹಿಂದೆ ಕೊಂಬಿನವನೊಬ್ಬ ಕಾಯುತ್ತಿದ್ದ.

‘ಹೋಗ್ಲಿ ಬಿಡ್ರಿ. ನಂದೇ ತಪ್ಪು’ ಎಂದು ಯಶೋದ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ‘ನಿಮಗೂ ಒಂದಿನ ಇರ್ಲಿ. ಆಮೇಲೆ ಹೇಳೋಣ.’

ಅವಳು ಆಗ ಹೇಳಿದ ಆ ಮಾತನ್ನು ನಾನು ಆಮೇಲೆ ಅನುಮತಿಪತ್ರದ ಹಾಗೆ ಬಳಸಿಕೊಂಡೆ.

ಇಟ್ಟಿಗೆಯ ಊರು

ತಾಂಪೆರೆ ಪೂರ್ತಿ ಕೆಂಪು ಇಟ್ಟಿಗೆಯ ಊರು. ನದಿಯ ಎರಡೂ ದಡದಲ್ಲಿ ಹಳೆಯ ಕಾರ್ಖಾನೆಗಳು, ಎತ್ತರದ ಚಿಮಣಿಗಳು. ಇಟ್ಟಿಗೆಯ ಮೂಲೆಗಳು ಇನ್ನೂ ಚೂಪು. ನಾನು ಗೋಡೆ ತಟ್ಟಿ ತಟ್ಟಿ ದನಿ ಕೇಳುತ್ತಾ ಹೋದೆ. ಮೇಳದ ಯಜಮಾನಿಕೆ ಹೊತ್ತ ಯೂಹಾ ಎಂಬ ಉದ್ದನೆಯ ಮನುಷ್ಯ ಇದನ್ನು ನೋಡಿ, ಕಥೆಗಾರರು ಗೋಡೆಯೊಂದಿಗೆ ಮಾತಾಡುತ್ತಿದ್ದಾರೆ ಎಂದುಕೊಂಡ. ಅಂದು ಮಧ್ಯಾಹ್ನ ನಾಲ್ಕು ಜನಕ್ಕೆ ಅದನ್ನೇ ಹೇಳಿ ಪರಿಚಯಿಸಿದ.

ಓದುಗರು ‘ಕೆಳಗಿನವರು’ ಕಥೆಯ ತೆಳು ಪುಸ್ತಕ ಹಿಡಿದುಕೊಂಡು ಬಂದು ಸಹಿ ಕೇಳಿದರು. ನನ್ನ ಹೆಸರನ್ನೇ ಬರೆದೆ. ಸುಳ್ಳು ಸಹಿಯಲ್ಲ, ಅದೇ ತೊಂದರೆ. ಮೊದಲ ಸಹಿಯನ್ನು ಪುಟದ ಮೂಲೆಯಲ್ಲಿ ಸಣ್ಣದಾಗಿ ಹಾಕಿದೆ. ನಾಲ್ಕನೆಯದನ್ನು ಪುಟದ ನಡುವೆಯೇ ಹಾಕಿದೆ. ಜೀವಮಾನದಲ್ಲಿ ನನ್ನ ಸಹಿಯನ್ನು ಕೇಳಿದವರು ಲಾರಿ ಡ್ರೈವರುಗಳು. ಇಲ್ಲಿ ಬಿಳಿಕೂದಲಿನ ಒಬ್ಬ ಹೆಂಗಸು ಅದರ ಮೇಲೆ ಊದಿ ಮಸಿ ಆರಿಸಿ ಎದೆಗೆ ಒತ್ತಿಕೊಂಡಳು. ಆಕೆಯ ಹೆಸರು ಐಲಾ.

ಯಶೋದ ಹಿಂದಿನ ಕುರ್ಚಿಯಲ್ಲಿ ಚೀಲ ಹಿಡಿದು ಕೂತಿದ್ದಳು. ಮೊದಮೊದಲು ಕಣ್ಣು ಸಿಕ್ಕಾಗ ನಗುತ್ತಿದ್ದಳು.

‘ಸಾಕು ರೀ ಇನ್ನ, ಹೇಳ್ಬಿಡಿ’ ಎಂದಳು ಸಂಜೆಯ ಹೊತ್ತಿಗೆ.

‘ಹೇಳ್ತೀನಿ ಇರೇ. ಇಷ್ಟು ಜನದ ಮುಂದೆ ಹೇಗೆ? ಯೂಹಾ ಒಬ್ಬನೇ ಸಿಗಲಿ.’

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಯಶೋದಳಿಗೂ. ಆ ಕಥೆಯನ್ನು ನಾನು ಪೂರ್ತಿ ಓದಿರಲಿಲ್ಲ. ಬೋರಿನೊಳಗೆ ಹಗ್ಗ ಕಟ್ಟಿ ಚೊಂಬು ಇಳಿಸುವವರೆಗೆ ಓದಿದ್ದೆ. ಆಗ ಗೂಡಿಗೆ ಸೌದೆಯ ಲಾರಿ ಬಂತು, ಪತ್ರಿಕೆ ಮಡಚಿಟ್ಟು ಹೋದೆ. ಮತ್ತೆ ತೆಗೆಯಲಿಲ್ಲ. ‘ಓದಿದ್ರಾ?’ ಎಂದು ಅವಳು ಕೇಳಿದಾಗ ‘ಹೂಂ, ಚೆನ್ನಾಗದೆ’ ಎಂದಿದ್ದೆ. ಅವಳ ಬೇರೆ ಕಥೆಗಳಿಗೂ ನನ್ನದು ಅದೇ ಉತ್ತರ. ಈಗ ಎದುರಿಗೆ ಬಂದವರೆಲ್ಲ ಕೊನೆಯ ಬಗ್ಗೆಯೇ ಮಾತಾಡುತ್ತಿದ್ದರು. ಕೊನೆಯಲ್ಲಿ ಏನಾಗುತ್ತದೆ ಎಂದು ಅವರ ಮುಖ ನೋಡಿ ಊಹಿಸಲು ಒದ್ದಾಡುತ್ತಿದ್ದೆ. ಕೆಲವರ ಕಣ್ಣು ಒದ್ದೆಯಾಗಿತ್ತು. ಯಾರೋ ಸತ್ತಿರಬೇಕು ಎಂದುಕೊಂಡೆ.

ಊಟದ ಮೇಜು

ಸಂಜೆ ಊಟಕ್ಕೆ ಎಂಟು ಹತ್ತು ಜನ. ಅಲ್ಲಿಗದು ಬೇಸಿಗೆ; ಚಳಿಯೂ ಇಲ್ಲ, ಹೊರಗೆ ಇನ್ನೂ ನಮ್ಮ ನಡುಮಧ್ಯಾಹ್ನದಂಥ ಬಿಸಿಲು. ಹೊಟ್ಟೆಗೆ ಹಸಿವೋ ಅಲ್ಲವೋ ತಿಳಿಯುತ್ತಿರಲಿಲ್ಲ. ನಮ್ಮ ರಾಗಿಯ ಬಣ್ಣದ ಕಪ್ಪು ರೊಟ್ಟಿ ಕೊಟ್ಟರು. ಹುಳಿ, ಗಟ್ಟಿ. ಯಶೋದ ಅದಕ್ಕೆ ಮನೆಯಿಂದ ತಂದ ಹುಣಸೆ ತೊಕ್ಕು ಸವರಿ ಪಕ್ಕದಲ್ಲಿದ್ದ ಐಲಾಗೆ ಕೊಟ್ಟಳು. ಐಲಾ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚೂರು ಕೇಳಿದಳು.

ಯೂಹಾ ಲೋಟ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದ. ಅವರು ಮೊದಲೇ ಸುಮ್ಮನಿದ್ದರು. ‘ನಿಮ್ಮ ಭಾಷೆಯಲ್ಲಿ ವಿಜ್ಞಾನ ಕಥೆ ಎಂದರೇನು?’ ಎಂದು ನನ್ನನ್ನು ಕೇಳಿದ. ರಾಕೆಟ್ಟು, ಯಂತ್ರ ಇಲ್ಲದಿದ್ದರೂ ಅದು ಹೇಗೆ ವಿಜ್ಞಾನ ಕಥೆ ಆಗುತ್ತದೆ ಎಂಬುದು ಅವರಲ್ಲೂ ನಡೆಯುವ ಜಗಳವಂತೆ.

ನನ್ನ ಇಂಗ್ಲಿಷ್ ಬಿಲ್ಡರುಗಳ ಜೊತೆ ವ್ಯವಹಾರ ಮಾಡಿ ಕಲಿತದ್ದು. ಅದರಲ್ಲೇ ಹೇಳಿದೆ: ‘ಒಂದು ಸುಳ್ಳು. ಒಂದೇ. ಮಿಕ್ಕಿದ್ದು ಎಲ್ಲ ನಿಜ. ಎರಡನೇ ಸುಳ್ಳು ಬಂದರೆ ಮಕ್ಕಳ ಕಥೆ.’

ಮೇಜಿನ ಸುತ್ತ ಎಲ್ಲರೂ ಮೆಲ್ಲಗೆ ತಲೆಯಾಡಿಸಿದರು. ಒಬ್ಬ ಅದನ್ನು ಬರೆದುಕೊಂಡ. ನನಗೆ ಕೇಳಿಸಿದ್ದು ಮಾತ್ರ ಪಕ್ಕದಲ್ಲಿ ಚಮಚ ತಟ್ಟೆಗೆ ಬಿದ್ದ ಸದ್ದು. ಯಶೋದಳಿಗೆ ಇಂಗ್ಲಿಷ್ ಮಾತಾಡಲು ನಾಚಿಕೆ. ಕೇಳಿದರೆ ಎಲ್ಲ ತಿಳಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಐಲಾ ಮುಂದಕ್ಕೆ ಬಾಗಿ ಕೇಳಿದಳು: ‘ಆ ಗಂಡ ಕೊನೆಯವರೆಗೂ ಯಾಕೆ ಕೇಳುವುದೇ ಇಲ್ಲ?’

ಕಥೆಯಲ್ಲಿ ಗಂಡನೊಬ್ಬ ಇದ್ದಾನೆ ಎಂದು ನನಗೆ ಗೊತ್ತಾದದ್ದು ಆಗ. ಎಲ್ಲರೂ ಕಾಯುತ್ತಿದ್ದರು.

‘ನಮ್ಮ ಕಡೆ ಗಂಡಸರಿಗೆ ಕೆಲಸ ಜಾಸ್ತಿ’ ಎಂದೆ.

ಎಲ್ಲರೂ ನಕ್ಕರು. ದೊಡ್ಡ ಹಾಸ್ಯ ಎಂದುಕೊಂಡರು. ಐಲಾ ನಗಲಿಲ್ಲ. ಯಶೋದ ನನ್ನ ಮುಖವನ್ನು ನೋಡಿದಳು, ಬಹಳ ಹೊತ್ತು. ಅವಳಿಗೆ ತಿಳಿದುಹೋಗಿತ್ತು.

ಕೋಣೆಗೆ ಬಂದ ಮೇಲೆ ‘ಲೇ ಯಶೋದಾ’ ಎಂದೆ. ಅವಳಿಗೆ ನಿಜವಾದ ಸಿಟ್ಟು ಬಂದರೆ ಕನ್ನಡ ಬಿಟ್ಟು ತವರಿನ ಮಾತಿಗೆ ಹೋಗುತ್ತಾಳೆ. ‘ನಾತೋ ಮಾಟ್ಲಾಡೊದ್ದು’ ಎಂದಳು. ನನ್ನ ಜೊತೆ ಮಾತಾಡಬೇಡಿ, ಎಂದು.

ಸರೋವರದ ದಡ

ಬೆಳಿಗ್ಗೆ ಎದ್ದಾಗ ಅವಳು ಇರಲಿಲ್ಲ. ಅವಳ ಫೋನು ಮೇಜಿನ ಮೇಲೇ ಇತ್ತು. ಕೆಳಗೆ ತಿಂಡಿಯ ಕೋಣೆಯಲ್ಲಿ ನೋಡಿದೆ, ಬಾಗಿಲ ಬಳಿ ನೋಡಿದೆ. ಹೋಟೆಲಿನವಳು ‘ಸೀರೆ ಉಟ್ಟವರು ಹೊರಗೆ ಹೋದರು’ ಎಂದು ಶಾಂತವಾಗಿ ಹೇಳಿದಳು, ಬಸ್ಸು ಹೋಯಿತು ಎನ್ನುವ ಹಾಗೆ.

ಓಡಿದೆ. ಊರಿನ ನಡುವೆ ನದಿ ಕಲ್ಲುಗಳ ಮೇಲೆ ನೊರೆಯಾಗಿ ಧುಮುಕುತ್ತದೆ. ಮೊದಲ ದಿನ ಅದರ ಸದ್ದು ಚೆಂದ ಕೇಳಿಸಿತ್ತು. ಸೇತುವೆಯ ಮೇಲಿಂದ ಬಗ್ಗಿ ನೋಡಿದೆ. ಎದುರಿಗೆ ಬಂದವರಿಗೆ ‘ವೈಫ್, ಸಾರಿ, ಗ್ರೀನ್’ ಎಂದೆ. ಬೇರೆ ದೇಶದಲ್ಲಿ ಸೀರೆಯನ್ನು ಹೇಗೆ ವರ್ಣಿಸುವುದು? ಒಬ್ಬ ಯುವಕ ನನ್ನ ಕೊರಳ ಪಟ್ಟಿ ನೋಡಿ ಮುಖ ಅರಳಿಸಿ ಚೀಲದಿಂದ ಪುಸ್ತಕ ತೆಗೆದ. ನಾನು ಸಹಿ ಹಾಕಿದೆ! ಹೆಂಡತಿ ಎಲ್ಲಿದ್ದಾಳೋ ಗೊತ್ತಿಲ್ಲ, ಅವಳ ಕಥೆಗೆ ಸೇತುವೆಯ ಕಂಬಿಗೆ ಪುಸ್ತಕ ಒತ್ತಿ ಸಹಿ ಹಾಕಿದೆ. ಕೈ ಬೇಡ ಎನ್ನಲಿಲ್ಲ.

ಊರಿನಾಚೆ ಸರೋವರದ ಮರದ ಕಟ್ಟೆಯ ಮೇಲೆ ಅವಳು ಸಿಕ್ಕಳು. ಐಲಾ ಜೊತೆ, ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ನಡುವೆ ಒಂದು ಡಬ್ಬಿ ಕಪ್ಪು ನೀಲಿ ಹಣ್ಣು. ಐಲಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಯಶೋದ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅಡ್ಡಿಯಾದಂತೆ ಕಾಣಲಿಲ್ಲ.

‘ಎಲ್ಲಿಗೆ ಹೋಗಿದ್ದೆ? ಜೀವ ಹೋಯ್ತಲ್ಲೇ ನಂದು!’

‘ಇಲ್ಲೇ ಇದೀನಲ್ಲ’ ಎಂದಳು, ತಿರುಗದೆ.

‘ಯಶೋದಾ, ಇವತ್ತೇ ಯೂಹಾಗೆ ಹೇಳ್ತೀನಿ.’

‘ಏನಂತ ಹೇಳ್ತೀರಾ?’

‘ಬರೆದೋಳು ನೀನು ಅಂತ.’

‘ಅದು ದೊಡ್ಡದಲ್ಲ ಬಿಡಿ. ಹೆಸರು ನಾನೇ ಕೊಟ್ಟಿದ್ದು, ಕೈನೂ ನಾನೇ ತೋರಿಸಿದ್ದು.’ ಆಗ ತಿರುಗಿದಳು. ‘ಓದಿದೀನಿ ಅಂದ್ರಲ್ಲ. ಒಂದಲ್ಲ, ಎಲ್ಲಾನೂ. ನಾನು ನಂಬ್ಕೊಂಡೇ ಮುಂದಿಂದು ಬರೀತಿದ್ದೆ. ನಾಳೆ ಸ್ಟೇಜಿಗೆ ನೀವೇ ಹೋಗಿ. ನಾನು ಬರಲ್ಲ.’

ಐಲಾ ನನಗೆ ಹಣ್ಣಿನ ಡಬ್ಬಿ ಚಾಚಿದಳು. ಒಂದು ತೆಗೆದುಕೊಂಡೆ. ರುಚಿ ತಿಳಿಯಲಿಲ್ಲ.

ಅಂದು ಮಧ್ಯಾಹ್ನ ಯೂಹಾ ನನ್ನನ್ನು ಸೌನಾಗೆ ಕರೆದೊಯ್ದ. ಮರದ ಕೋಣೆಯಲ್ಲಿ ಕಾದ ಕಲ್ಲಿನ ಮೇಲೆ ನೀರು ಹೊಯ್ದು ಹಬೆಯಲ್ಲಿ ಕೂರುವುದು ಅವರಿಗೆ ನಿತ್ಯದ ಕೆಲಸ. ಗಂಡಸರೆಲ್ಲ ಮೈಮೇಲೆ ನೂಲೂ ಇಲ್ಲದೆ ಕೂತಿದ್ದರು. ನಾನು ಟವೆಲ್ಲನ್ನು ಎರಡು ಸುತ್ತು ಸುತ್ತಿಕೊಂಡು ಮೂಲೆ ಹಿಡಿದೆ. ಗೂಡಿನ ಬಾಯಲ್ಲಿ ಬೆಂದವನಿಗೆ ಆ ಬಿಸಿ ಏನೂ ಅಲ್ಲ. ಅವರು ಒಬ್ಬೊಬ್ಬರಾಗಿ ಎದ್ದು ಹೋದರು, ಕೊನೆಗೆ ಯೂಹಾ ಮತ್ತು ನಾನು. ಇದೇ ಹೊತ್ತು ಎಂದು ‘ಮಿಸ್ಟರ್ ಯೂಹಾ, ಆ ಕಥೆ...’ ಎಂದು ಶುರುಮಾಡಿದೆ. ಅವನು ಬೆರಳನ್ನು ತುಟಿಯ ಮೇಲಿಟ್ಟ. ಇಲ್ಲಿ ಕೆಲಸದ ಮಾತು ಆಡುವುದಿಲ್ಲವಂತೆ. ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತ. ನಾನು ಅವನ ಪಕ್ಕದಲ್ಲಿ ಬಾಯಿ ತುಂಬ ಮಾತಿಟ್ಟುಕೊಂಡು ಬೇಯುತ್ತಾ ಕೂತೆ.

ಸಭೆ

ಕೊನೆಯ ದಿನ ಮೇಘನಾ ಬಂದಳು. ನನ್ನ ಕೊರಳು ನೋಡಿ ನಗಬೇಕೋ ಬೇಡವೋ ಎಂದು ನಿಂತಳು. ‘ಅಂಕಲ್, ಇದೇನು?’

‘ಸ್ಟೇಜಿನ ಮೇಲೆ ಹೇಳ್ತೀನಮ್ಮ. ನಾನು ಹೇಳಿದ್ದನ್ನ ಹಾಗ್ಹಾಗೇ ಹೇಳು, ಮೆತ್ತಗೆ ಮಾಡ್ಬೇಡ. ನಿಮ್ಮ ಆಂಟೀನ ಹೇಗಾದ್ರೂ ಕರ್ಕೊಂಡು ಬಾ.’

ಮೇಘನಾ ಕೋಣೆಗೆ ಹೋಗಿ ಏನು ಹೇಳಿದಳೋ ತಿಳಿಯದು. ಸಭೆ ತುಂಬುವ ಹೊತ್ತಿಗೆ ಯಶೋದ ಕೊನೆಯ ಸಾಲಿನಲ್ಲಿ ಐಲಾ ಪಕ್ಕ ಬಂದು ಕೂತಳು, ಎದ್ದು ಹೋಗಲು ಅನುಕೂಲವಾಗುವಂತೆ ಬಾಗಿಲ ಬದಿಗೆ.

ನಾನು ಕನ್ನಡದಲ್ಲಿ ಹೇಳಿದೆ. ‘ಈ ಕಥೆ ನನ್ನದಲ್ಲ. ಬರೆದವಳು ನನ್ನ ಹೆಂಡತಿ, ಅಲ್ಲಿ ಕೂತವಳು. ಹೆಸರು ನನ್ನದಾದ್ದರಿಂದ ನೀವು ತಪ್ಪು ತಿಳಿದಿರಿ. ಅದು ನಿಮ್ಮ ತಪ್ಪಲ್ಲ. ತಿದ್ದದೆ ಇದ್ದದ್ದು ನನ್ನ ತಪ್ಪು. ನನಗೆ ಖುಷಿಯಾಯಿತು, ಅದಕ್ಕೇ ತಿದ್ದಲಿಲ್ಲ. ಮೊನ್ನೆ ಊಟದಲ್ಲಿ ನಾನು ಹೇಳಿದ ಮಾತೂ ಅವಳದೇ. ಇನ್ನೊಂದು ಇದೆ. ಈ ಕಥೆಯನ್ನು ನಾನು ಅರ್ಧ ಮಾತ್ರ ಓದಿದ್ದೇನೆ. ಪೂರ್ತಿ ಓದಿದ್ದೇನೆ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಕೊನೆಯಲ್ಲಿ ಏನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ನನಗೊಬ್ಬನಿಗೆ ಗೊತ್ತಿಲ್ಲ.’

ಮೇಘನಾ ಇಂಗ್ಲಿಷಿನಲ್ಲಿ ಹೇಳುವಾಗ ಒಂದು ಕಡೆ ತಡೆದು ನನ್ನನ್ನು ನೋಡಿದಳು, ಆದರೆ ಮೆತ್ತಗೆ ಮಾಡಲಿಲ್ಲ.

ನಮ್ಮ ಕಡೆಯಾಗಿದ್ದರೆ ಯಾರಾದರೂ ಕೂಗುತ್ತಿದ್ದರು. ಇಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಮೌನದಲ್ಲಿ ನಿಂತು ಕಾಯುವುದಕ್ಕಿಂತ ಬೈಗುಳ ಸಾವಿರ ಪಾಲು ಮೇಲು. ಯಶೋದ ಎದ್ದಳು. ಬಾಗಿಲಿನ ಕಡೆ ನೋಡಿದಳು. ಹೋದಳು ಎಂದುಕೊಂಡೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೂಡಿನ ಅಂಗಳದಲ್ಲಿ ಆಳುಗಳನ್ನು ವಿಚಾರಿಸಲು ಬರುತ್ತಿದ್ದ ಹಾಗೆ, ಕುರ್ಚಿಗಳ ನಡುವೆ ನಡೆದು ಬಂದಳು. ನಾನು ಕೊರಳ ಪಟ್ಟಿ ತೆಗೆದು ಕೊಟ್ಟೆ. ಹಾಕಿಕೊಳ್ಳಲಿಲ್ಲ, ಮೇಜಿನ ಮೇಲಿಟ್ಟಳು.

‘ಯಾಕೆ ನಿಮ್ಮ ಹೆಸರು ಹಾಕಲಿಲ್ಲ?’ ಎಂದು ಯೂಹಾ ಕೇಳಿದ.

‘ನನ್ನ ಹೆಸರು ಹಾಕಿದ್ರೆ ನಮ್ಮತ್ತೆ ಮೊದ್ಲು ಓದೋರು’ ಎಂದಳು. ‘ಇವ್ರ ಹೆಸರು ಹಾಕಿದ್ರೆ ಇವ್ರು ಮೊದ್ಲು ಓದ್ತಾರೆ ಅಂದ್ಕೊಂಡೆ.’

ಮೇಘನಾ ಅನುವಾದಿಸಿದಳು. ಮೊದಲ ಸಾಲಿನ ಬೆಳ್ಳಿಮುಖದವನು ನಗಲು ಹೋಗಿ ನನ್ನನ್ನು ನೋಡಿ ನಿಲ್ಲಿಸಿದ.

ಆಮೇಲೆ ಅವಳು ಕಥೆಯ ಕೊನೆಯ ಭಾಗವನ್ನು ಕನ್ನಡದಲ್ಲಿ ಓದಿದಳು. ಸಭೆಯಲ್ಲಿ ಕನ್ನಡ ತಿಳಿಯುವವರು ಮೂರೇ ಜನ. ಕೇಳಿದವನು ನಾನು. ಕೆಳಗಿನವರು ನಮ್ಮ ನೀರನ್ನು ಎಳೆದುಕೊಳ್ಳುತ್ತಾರೆ ಎಂದು ಊರಿನವರಿಗೆ ಹೆದರಿಕೆ ಹುಟ್ಟುತ್ತದೆ. ಬೋರನ್ನು ಮುಚ್ಚಬೇಕೆಂದು ಪಂಚಾಯ್ತಿಯಾಗುತ್ತದೆ. ಬೋರ್ ಇರುವುದು ಒಬ್ಬ ಹೆಂಗಸಿನ ಮನೆಯಂಗಳದಲ್ಲಿ. ಮುಚ್ಚುವ ಕೆಲಸ ಅವಳಿಗೇ ಬರುತ್ತದೆ. ಅವಳು ಅಚ್ಚಿನಿಂದ ಆಗ ತಾನೇ ತೆಗೆದ ಹಸಿ ಇಟ್ಟಿಗೆ ತಂದು ಬಾಯಿ ಮುಚ್ಚಿ, ಮೇಲೆ ಸಗಣಿ ಸಾರಿಸುತ್ತಾಳೆ. ದಿನಾ ಬೆಳಿಗ್ಗೆ ಅದರ ಮೇಲೆ ರಂಗೋಲಿ ಹಾಕುವಾಗ ಮೂರು ಸಲ ತಟ್ಟುತ್ತಾಳೆ. ಕೆಳಗಿನಿಂದ ಯಾರೋ ಮೂರು ಸಲ ತಟ್ಟುತ್ತಾರೆ. ಗಂಡ ದಿನಾ ಆ ರಂಗೋಲಿ ದಾಟಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಬಾಗಿಲಲ್ಲಿ ಬಿಟ್ಟು ಇಲ್ಲೇಕೆ ಹಾಕುತ್ತೀ ಎಂದು ಕೇಳುವುದಿಲ್ಲ. ಒಂದು ದಿನ ಮೋಡ ಕವಿಯುತ್ತದೆ. ಅವಳು ರಂಗೋಲಿ ಮುಗಿಸಿ, ಕೈ ತೊಳೆದುಕೊಂಡು ಒಳಗೆ ಹೋಗುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ.

ವಾಪಸು ರೈಲು

ಪುಸ್ತಕದ ಮುಂದಿನ ಮುದ್ರಣಕ್ಕೆ ಯಾವ ಹೆಸರು ಎಂದು ಮೇಘನಾ ಕೇಳಿದಾಗ ಯಶೋದ ತಡಮಾಡಲಿಲ್ಲ: ‘ಯಶೋದಮ್ಮ, ಶ್ರೀನಿವಾಸಪುರ.’ ಮಾಲೂರು ಕೂಡ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ಸರಿಯಾಗಿತ್ತು, ಆದರೂ ಕುತ್ತಿಗೆ ಬರಿದಾದ ಹಾಗೆ ಆಯಿತು.

ರೈಲಿನಲ್ಲಿ ಅವಳು ಕಿಟಕಿಯ ಬದಿ, ನಾನು ಇತ್ತ. ಮತ್ತೆ ಕಾಡು, ನೀರು. ಕ್ಷಮಿಸು ಎಂದು ಬೆಳಿಗ್ಗೆ ಹೇಳಿದ್ದೆ. ‘ನೋಡೋಣ’ ಎಂದಿದ್ದಳು. ಆದರೆ ಕಥೆ ತಲೆಯಲ್ಲಿ ಕೂತಿತ್ತು. ಒಂದು ಕಡೆ ಚುಚ್ಚುತ್ತಿತ್ತು. ಮೇಘನಾ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಕೊನೆಯ ಪುಟದಲ್ಲಿ ಬೆರಳಿಟ್ಟು ಒಂದೊಂದೇ ಪದ ಓದಿದೆ. ಅಲ್ಲಿ ಇಟ್ಟಿಗೆ ಎಂದಷ್ಟೇ ಇತ್ತು.

‘ಯಶೋದಾ’ ಎಂದೆ. ‘ಒಂದು ಕೇಳ್ಲಾ?’

ಅವಳು ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದಳು.

‘ನೀನು ಓದಿದ್ದು ಹಸಿ ಇಟ್ಟಿಗೆ ಅಂತ ಅಲ್ವಾ? ಸುಡದೇ ಇರೋದು?’

‘ಹೂಂ.’

‘ಇದ್ರಲ್ಲಿ ಬರೀ ಇಟ್ಟಿಗೆ ಅಂತ ಅದೆ.’

‘ಆ ಹುಡುಗಿಗೆ ಏನ್ ಗೊತ್ತು ಪಾಪ.’

‘ಅಲ್ಲ ಕಣೇ, ಹಸಿ ಇಟ್ಟಿಗೆ ಒಂದು ಮಳೆಗೂ ನಿಲ್ಲಲ್ವಲ್ಲ. ನೀರು ಬಿದ್ರೆ ಕರಗಿ ಮಣ್ಣಾಗಿಹೋಗ್ತದೆ. ಆಗ ಬೋರಿನ ಬಾಯಿ...’ ನನ್ನ ದನಿ ಜೋರಾಗಿತ್ತು. ಎದುರಿನ ಹೆಂಗಸು ತಲೆಯೆತ್ತಿದಳು. ‘ಮೋಡ ಬೇರೆ ಬಂದದೆ ಅಂತ ಬರ್ದಿದೀಯಾ. ಹಂಗಾದ್ರೆ ಅವಳು ಮುಚ್ಚೇ ಇಲ್ಲ! ಬೇಕೂಂತ್ಲೇ ಹಸೀದು ಇಟ್ಟಿದಾಳೆ!’

ಯಶೋದ ಕಿಟಕಿಯಿಂದ ಮುಖ ತಿರುಗಿಸಿದಳು. ಆ ಮುಖವನ್ನು ಹೇಗೆ ವರ್ಣಿಸುವುದೋ ನನಗೆ ಬರುವುದಿಲ್ಲ. ಅದು ಅವಳ ಕೆಲಸ.

‘ಅದು ಅಚ್ಚಾದಾಗಿನಿಂದ ಒಬ್ಬರಾದ್ರೂ ಕೇಳ್ಲಿಲ್ಲ’ ಎಂದಳು. ‘ಬೇಸಾಯ ಮಾಡೋರಿಗೆ, ಮೇಷ್ಟ್ರಿಗೆ, ಪೇಪರಿನೋರಿಗೆ ಯಾರಿಗೆ ತಿಳೀಬೇಕು? ಗೂಡಿನೋರಿಗೇ ತಿಳೀಬೇಕು. ಅವರಿಗೇ ಅಂತ ಇಟ್ಟಿದ್ದು.’

ನಾನು ಪುಸ್ತಕ ಮುಚ್ಚಿದೆ. ಎದುರಿನ ಹೆಂಗಸು ನಮ್ಮನ್ನು ನೋಡಿ ಮತ್ತೆ ತನ್ನ ಓದಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಯಶೋದ ಚೀಲ ಬಿಚ್ಚಿ ಉಳಿದಿದ್ದ ಕಪ್ಪು ರೊಟ್ಟಿ ಮುರಿದು, ತೊಕ್ಕು ಸವರಿ, ಅರ್ಧ ನನ್ನ ಕೈಯಲ್ಲಿಟ್ಟಳು.

‘ಇನ್ನೊಂದು ಕಥೇಲೂ ಹೀಗೇ ಒಂದು ಇಟ್ಟಿದೀನಿ’ ಎಂದಳು.

‘ಯಾವುದ್ರಲ್ಲಿ?’

‘ಓದ್ಕೊಳ್ಳಿ.’